ನಿಮ್ಮ ರಾಶಿ ಯಾವುದು? ಮೊದಲು ಗಡಿಯಾರ ನೋಡಿ



ಯಾವಾಗಲೂ ಧ್ವನಿಯ ಮೂಲಕ ನಿಮ್ಮ ಮನೆಗೆ ಬರುವ ನಾನು ಈ ಸಲ ಅಕ್ಷರಗಳ ಮೂಲಕ ಬಂದಿದ್ದೇನೆ. ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ರಾಶಿ ಯಾವುದು?

ಮಾಟುಂಗದ ಯಾವುದಾದರೂ ಕನ್ನಡಿಗರ ಮನೆಯಲ್ಲಿ ಈ ಪ್ರಶ್ನೆ ಕೇಳಿ ನೋಡಿ. ಕಾಲೇಜಿಗೆ ಹೋಗುವ ಮಗಳು "ನಾನು ಲಿಬ್ರಾ" ಅನ್ನುತ್ತಾಳೆ. ಅಜ್ಜಿ ಒಳಗಿನಿಂದಲೇ "ಅಲ್ಲ ಮಗಾ, ನಿಂದು ಮಕರ ರಾಶಿ, ಶ್ರವಣ ನಕ್ಷತ್ರ" ಎಂದು ತಿದ್ದುತ್ತಾರೆ. ಊರಿನ ಜೋಯಿಸರು ಬರೆದುಕೊಟ್ಟ ಜಾತಕವನ್ನು ಬೀರುವಿನಿಂದ ತೆಗೆದರೆ ಅದರಲ್ಲಿ "ಸಿಂಹ ಲಗ್ನ" ಎಂದಿರುತ್ತದೆ. ಹಾಗಾದರೆ ಯಾರು ಹೇಳಿದ್ದು ಸರಿ? ಆಶ್ಚರ್ಯವೆಂದರೆ ಮೂವರೂ ಸರಿಯೇ! ಮೂವರೂ ಒಂದೇ ಆಕಾಶವನ್ನು ಮೂರು ಬಗೆಯಲ್ಲಿ ಓದಿದ್ದಾರೆ, ಅಷ್ಟೇ.

ಜ್ಯೋತಿಷವನ್ನು ನಮ್ಮ ಹಿರಿಯರೇ ಸಿದ್ಧಾಂತ, ಸಂಹಿತಾ, ಹೋರಾ ಎಂದು ಮೂರು ಸ್ಕಂಧಗಳಾಗಿ ವಿಂಗಡಿಸಿದ್ದರು. ಸಿದ್ಧಾಂತ ಎಂದರೆ ಗ್ರಹಗಳು ಎಲ್ಲಿವೆ ಎಂಬ ಲೆಕ್ಕ. ಸಂಹಿತಾ ಎಂದರೆ ಮಳೆ, ಬೆಳೆ, ಶಕುನ, ಮುಹೂರ್ತ ಇತ್ಯಾದಿ. ಹೋರಾ ಎಂದರೆ ಹುಟ್ಟಿದವರ ಜಾತಕ ಮತ್ತು ಅದರ ಫಲ. ಲೆಕ್ಕ ಬೇರೆ, ಫಲ ಬೇರೆ ಎಂಬ ಈ ಹಳೆಯ ವಿಂಗಡಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ. ಇವತ್ತಿನ ಮಾತಿಗೆಲ್ಲ ಅದೇ ಕೀಲಿಕೈ.

ಒಂದೇ ಬಡಾವಣೆ, ಎರಡು ಮೇಷ

1896ರ ಪ್ಲೇಗ್ ಮುಂಬಯಿಯನ್ನು ನಡುಗಿಸಿದ ಮೇಲೆ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ನಗರದ ಉತ್ತರಕ್ಕೆ ದಾದರ್, ಮಾಟುಂಗ, ವಡಾಲ, ಸಯನ್ ಕಡೆ ಅಗಲ ರಸ್ತೆಗಳ ಹೊಸ ಬಡಾವಣೆಗಳು ಎದ್ದವು. ಕೆಲಸ ಹುಡುಕಿಕೊಂಡು ಬಂದ ದಕ್ಷಿಣದವರು ಮಾಟುಂಗದಲ್ಲಿ ನೆಲೆ ನಿಂತರು. 1926ರಲ್ಲಿ ಮೈಸೂರು ಅಸೋಸಿಯೇಶನ್, 1932ರಲ್ಲಿ ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿ, 1933ರಲ್ಲಿ ಕರ್ನಾಟಕ ಸಂಘ ಹೀಗೆ ಒಂದೊಂದಾಗಿ ಸಂಸ್ಥೆಗಳು ಬೆಳೆದವು. ಮನುಷ್ಯರ ಜೊತೆಗೆ ಅವರವರ ಪಂಚಾಂಗಗಳೂ ಬಂದವು.

ಹಾಗಾಗಿ ಮಾಟುಂಗದಲ್ಲಿ ಹೊಸ ವರ್ಷ ಒಂದೇ ದಿನ ಬರುವುದಿಲ್ಲ. ಮೈಸೂರು, ಧಾರವಾಡ, ಬಿಜಾಪುರ ಕಡೆಯವರಿಗೆ ಚೈತ್ರ ಶುದ್ಧ ಪಾಡ್ಯದಂದು ಯುಗಾದಿ. ಅದೇ ದಿನ ಮರಾಠಿ ನೆರೆಮನೆಯಲ್ಲಿ ಗುಡಿ ಏರುತ್ತದೆ. ಇದು ಚಂದ್ರನ ಲೆಕ್ಕ. ಆದರೆ ಉಡುಪಿ, ಮಂಗಳೂರು ಕಡೆಯ ಅನೇಕ ಮನೆಗಳಲ್ಲಿ ಏಪ್ರಿಲ್ 14 ಅಥವಾ 15ರಂದು ಬಿಸು ಹಬ್ಬ, ತುಳು ತಿಂಗಳು ಪಗ್ಗುವಿನ ಮೊದಲ ದಿನ. ಆಸುಪಾಸಿನಲ್ಲೇ ಮಲಯಾಳಿಗಳ ವಿಷು, ತಮಿಳರ ಪುತ್ತಾಂಡು. ಇದು ಸೂರ್ಯನ ಲೆಕ್ಕ. ಸೂರ್ಯ ಮೇಷ ರಾಶಿಗೆ ಕಾಲಿಟ್ಟ ದಿನ ಅದು. ನಮ್ಮ ಕರಾವಳಿಯವರು ಹೇಳುವ ಆಟಿ ತಿಂಗಳೆಂದರೆ ಸೂರ್ಯ ಕರ್ಕಾಟಕದಲ್ಲಿರುವ ತಿಂಗಳು, ಸೋಣ ಎಂದರೆ ಸಿಂಹದಲ್ಲಿರುವ ತಿಂಗಳು. ರಾಶಿಚಕ್ರ ಎಂದರೇನು ಎಂದು ಯಾರಾದರೂ ಕೇಳಿದರೆ ಪುಸ್ತಕ ಹುಡುಕಬೇಕಾಗಿಲ್ಲ. ಆಟಿಯಲ್ಲಿ ಪತ್ರೊಡೆ ಮಾಡುವ ಮನೆಯಲ್ಲಿ ಅದು ಇವತ್ತಿಗೂ ಜೀವಂತವಾಗಿದೆ.

ಈಗ ಮಾಟುಂಗದಿಂದ ಫೈವ್ ಗಾರ್ಡನ್ಸ್ ದಾಟಿ ದಾದರ್ ಪಾರ್ಸಿ ಕಾಲೊನಿಗೆ ಹೋಗಿ. ನಡೆದೇ ಹೋಗಬಹುದು. ಅಲ್ಲಿ ಮಾರ್ಚ್ 21ಕ್ಕೆ ಜಮ್ಶೇದಿ ನವರೋಜ್. ಹಗಲು ರಾತ್ರಿ ಸಮ ಇರುವ ವಸಂತ ವಿಷುವದ ಹಬ್ಬ ಅದು. ಪಾಶ್ಚಾತ್ಯ ಜ್ಯೋತಿಷದ ಮೇಷ, ಅಂದರೆ ಏರೀಸ್, ಶುರುವಾಗುವುದು ಅದೇ ಹೊತ್ತಿಗೆ. ನಮ್ಮ ಮೇಷ ಶುರುವಾಗುವುದು ಬಿಸುವಿನಂದು. ಮಧ್ಯೆ ಸುಮಾರು 24 ದಿನಗಳ ಅಂತರ. ಕಾಲೇಜು ಹುಡುಗಿಯ ಲಿಬ್ರಾಕ್ಕೂ ಅಜ್ಜಿಯ ಲೆಕ್ಕಕ್ಕೂ ಇರುವ ಮೊದಲ ಜಗಳ ಇದೇ.

ಈ ಅಂತರ ಎಲ್ಲಿಂದ ಬಂತು? ಭೂಮಿ ಬುಗುರಿಯಂತೆ ತಿರುಗುತ್ತದೆ. ಬುಗುರಿ ತಿರುಗುವಾಗ ಅದರ ತಲೆ ಮೆಲ್ಲಗೆ ಓಲಾಡುವುದನ್ನು ನೀವು ನೋಡಿದ್ದೀರಿ. ಭೂಮಿಯ ಅಕ್ಷವೂ ಹಾಗೆಯೇ ಓಲಾಡುತ್ತದೆ. ಆದರೆ ಒಂದು ಸುತ್ತು ಮುಗಿಯಲು ಸುಮಾರು 25,800 ವರ್ಷ ಬೇಕು. ಇದರಿಂದಾಗಿ ಹಗಲು ರಾತ್ರಿ ಸಮವಾಗುವ ಬಿಂದು ನಕ್ಷತ್ರಗಳ ನಡುವೆ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿಯಂತೆ ಹಿಂದೆ ಸರಿಯುತ್ತದೆ. ಪಾಶ್ಚಾತ್ಯರು ಆ ಸರಿಯುವ ಬಿಂದುವನ್ನೇ ಮೇಷದ ಆರಂಭ ಎಂದು ಹಿಡಿದರು. ಇದು ಸಾಯನ ಪದ್ಧತಿ. ನಾವು ನಕ್ಷತ್ರಗಳನ್ನೇ ಗಟ್ಟಿಯಾಗಿ ಹಿಡಿದುಕೊಂಡೆವು. ಇದು ನಿರಯನ ಪದ್ಧತಿ. ಎರಡರ ನಡುವಿನ ವ್ಯತ್ಯಾಸಕ್ಕೆ ಅಯನಾಂಶ ಎಂದು ಹೆಸರು. ಈಗ ಅದು 24 ಡಿಗ್ರಿ ದಾಟಿದೆ. 24ನ್ನು 72ರಿಂದ ಗುಣಿಸಿ ನೋಡಿ, ಸುಮಾರು 1,700 ವರ್ಷಗಳ ಹಿಂದೆ ಎರಡೂ ಮೇಷಗಳು ಒಂದೇ ಕಡೆ ಇದ್ದವು. "ವಿಷು" ಎಂಬ ಹೆಸರೇ ಇದಕ್ಕೆ ಸಾಕ್ಷಿ. ವಿಷುವ ಎಂದರೆ ಹಗಲು ರಾತ್ರಿ ಸಮ ಇರುವ ದಿನ. ಹೆಸರು ಉಳಿಯಿತು, ದಿನ ಸರಿಯಿತು. ಮಕರ ಸಂಕ್ರಾಂತಿಯ ಕತೆಯೂ ಇದೇ. ಉತ್ತರಾಯಣ ಆಕಾಶದಲ್ಲಿ ಆರಂಭವಾಗುವುದು ಡಿಸೆಂಬರ್ 21 ಅಥವಾ 22ಕ್ಕೆ, ನಾವು ಎಳ್ಳು ಬೆಲ್ಲ ಹಂಚುವುದು ಜನವರಿ 14 ಅಥವಾ 15ಕ್ಕೆ.

ನಕ್ಷತ್ರ ನಮ್ಮದು, ರಾಶಿ ದೂರದ ನೆಂಟ

ಅಜ್ಜಿ ರಾಶಿಯ ಜೊತೆಗೆ ನಕ್ಷತ್ರವನ್ನೂ ಹೇಳಿದರಲ್ಲ, ಅದು ರಾಶಿಗಿಂತ ಹಳೆಯದು. ಚಂದ್ರ ಆಕಾಶವನ್ನು ಒಮ್ಮೆ ಸುತ್ತಲು 27 ದಿನಕ್ಕಿಂತ ತುಸು ಹೆಚ್ಚು ತೆಗೆದುಕೊಳ್ಳುತ್ತಾನೆ. ದಿನಕ್ಕೊಂದು ಮನೆಯಂತೆ 27 ನಕ್ಷತ್ರಗಳು. ವೇದಕಾಲದ ಪಟ್ಟಿಗಳು ಇವನ್ನು ಕೃತ್ತಿಕೆಯಿಂದ ಎಣಿಸುತ್ತವೆ. ಇಂದಿನಂತೆ ಅಶ್ವಿನಿಯಿಂದ ಎಣಿಸುವುದು ಆಮೇಲೆ ಬಂದದ್ದು.

ಹನ್ನೆರಡು ಸಮಪಾಲಿನ ರಾಶಿಗಳು ಹುಟ್ಟಿದ್ದು ಬ್ಯಾಬಿಲೋನಿಯದಲ್ಲಿ, ಅಂದರೆ ಇಂದಿನ ಇರಾಕಿನ ನೆಲದಲ್ಲಿ, ಕ್ರಿಸ್ತಪೂರ್ವ 5ನೇ ಶತಮಾನದ ಸುಮಾರಿಗೆ. ಅಲ್ಲಿಂದ ಗ್ರೀಕರಿಗೆ, ಗ್ರೀಕರಿಂದ ಸಮುದ್ರ ವ್ಯಾಪಾರದ ಕಾಲದಲ್ಲಿ ನಮ್ಮ ಪಶ್ಚಿಮ ತೀರಕ್ಕೆ ಆ ವಿದ್ಯೆ ಬಂತು. "ಯವನಜಾತಕ" ಎಂಬ ಸಂಸ್ಕೃತ ಗ್ರಂಥದ ಹೆಸರೇ ಅದು ಯಾರಿಂದ ಬಂತು ಎಂದು ಹೇಳುತ್ತದೆ. 6ನೇ ಶತಮಾನದ ವರಾಹಮಿಹಿರ ತನ್ನ "ಬೃಹಜ್ಜಾತಕ"ದಲ್ಲಿ ರಾಶಿಗಳಿಗೆ ಇನ್ನೊಂದು ಸಾಲಿನ ಹೆಸರುಗಳನ್ನೂ ಕೊಡುತ್ತಾನೆ. ಮೇಷಕ್ಕೆ ಕ್ರಿಯ, ವೃಷಭಕ್ಕೆ ತಾವುರಿ, ಸಿಂಹಕ್ಕೆ ಲೇಯ, ಕನ್ಯೆಗೆ ಪಾಥೋನ, ವೃಶ್ಚಿಕಕ್ಕೆ ಕೌರ್ಪಿ. ಇವು ಗ್ರೀಕಿನ ಕ್ರಿಯೋಸ್, ಟೌರೋಸ್, ಲಿಯೋನ್, ಪಾರ್ಥೆನೋಸ್, ಸ್ಕೋರ್ಪಿಯೋಸ್ ಅಲ್ಲದೆ ಬೇರೆಯಲ್ಲ. ಹೋರಾ, ಕೇಂದ್ರ, ದ್ರೇಕ್ಕಾಣ ಎಂಬ ಪದಗಳೂ ಅದೇ ಹಡಗಿನಲ್ಲಿ ಬಂದವು. ಯವನರು ಪರದೇಶಿಗಳಾದರೂ ಈ ವಿದ್ಯೆಯಲ್ಲಿ ಋಷಿಗಳಂತೆ ಗೌರವಕ್ಕೆ ಅರ್ಹರು ಎಂಬ ಮಾತನ್ನು "ಬೃಹತ್ಸಂಹಿತೆ"ಯಲ್ಲಿ ಆತ ಸಂಕೋಚವಿಲ್ಲದೆ ಹೇಳಿದ್ದಾನೆ. ಎಷ್ಟು ದೊಡ್ಡ ಮನಸ್ಸು ನೋಡಿ!

ನಮ್ಮವರ ಜಾಣ್ಮೆ ಇರುವುದು ಹೊಸದನ್ನು ಹಳೆಯದಕ್ಕೆ ಹೊಂದಿಸಿದ್ದರಲ್ಲಿ. ಒಂದೊಂದು ನಕ್ಷತ್ರವನ್ನು ನಾಲ್ಕು ಪಾದ ಮಾಡಿದರೆ 27 ನಕ್ಷತ್ರಕ್ಕೆ 108 ಪಾದ. ಅದನ್ನು 12 ರಾಶಿಗೆ ಹಂಚಿದರೆ ರಾಶಿಗೆ ಸರಿಯಾಗಿ 9 ಪಾದ. ಅಜ್ಜಿಯ "ಮಕರ ರಾಶಿ, ಶ್ರವಣ ನಕ್ಷತ್ರ" ಎಂಬ ಜೋಡಿ ಮಾತಿನಲ್ಲಿ ಎರಡು ನಾಗರಿಕತೆಗಳು ಕೈಕುಲುಕಿವೆ.

ಈ ವಿದ್ಯೆ ಕನ್ನಡಕ್ಕೂ ಬೇಗನೆ ಬಂತು. ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಕಾಲದಲ್ಲಿ, 1049ರಲ್ಲಿ, ಜೈನ ಕವಿ ಶ್ರೀಧರಾಚಾರ್ಯ "ಜಾತಕತಿಲಕ" ಬರೆದ. ನಮಗೆ ಸಿಕ್ಕಿರುವ ಕನ್ನಡ ಜ್ಯೋತಿಷ ಗ್ರಂಥಗಳಲ್ಲಿ ಅದೇ ಮೊದಲನೆಯದು. ಅದರಲ್ಲಿ ಆರ್ಯಭಟನ ಹೆಸರೂ ಬರುತ್ತದೆ. ಸಾವಿರ ವರ್ಷಗಳ ಹಿಂದೆಯೇ ಕನ್ನಡದಲ್ಲಿ ವಿಜ್ಞಾನ, ಶಾಸ್ತ್ರ ಬರೆಯಬಹುದು ಎಂದು ತೋರಿಸಿದವರಲ್ಲಿ ಆತನೂ ಒಬ್ಬ.

ಒಬ್ಬರಿಗೆ ಮೂರು ರಾಶಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. ರಾಶಿಚಕ್ರವನ್ನು 12 ಸ್ಟೇಷನ್ನುಗಳ ಒಂದು ವರ್ತುಲ ರೈಲುಮಾರ್ಗ ಎಂದುಕೊಳ್ಳಿ. ಒಂದೊಂದು ಸ್ಟೇಷನ್ನಿಗೆ 30 ಡಿಗ್ರಿ. ಸೂರ್ಯ ಸ್ಲೋ ಲೋಕಲ್, ಒಂದು ಸ್ಟೇಷನ್ನಿನಲ್ಲಿ ಒಂದು ತಿಂಗಳು. ಚಂದ್ರ ಫಾಸ್ಟ್, ಒಂದರಲ್ಲಿ ಎರಡೂಕಾಲು ದಿನ. ಇನ್ನು ಭೂಮಿಯೇ ದಿನಕ್ಕೊಮ್ಮೆ ತಿರುಗುವುದರಿಂದ ಈ ಇಡೀ ವರ್ತುಲ ಪೂರ್ವದಲ್ಲಿ ಏರುತ್ತಾ ಪಶ್ಚಿಮದಲ್ಲಿ ಇಳಿಯುತ್ತಿರುತ್ತದೆ. ನೀವು ಹುಟ್ಟಿದ ಕ್ಷಣದಲ್ಲಿ ಪೂರ್ವ ದಿಗಂತದಲ್ಲಿ ಏರುತ್ತಿದ್ದ ರಾಶಿಯೇ ನಿಮ್ಮ ಲಗ್ನ. ಅದು ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ.

ಇಂಗ್ಲಿಷ್ ಪತ್ರಿಕೆಗಳು ಕೇಳುವುದು ಸಾಯನ ಸೂರ್ಯನ ರಾಶಿ. ನಮ್ಮಲ್ಲಿ "ಜನ್ಮರಾಶಿ" ಎಂದರೆ ನಿರಯನ ಚಂದ್ರನ ರಾಶಿ. ಜಾತಕದ ಕುಂಡಲಿ ಶುರುವಾಗುವುದು ಲಗ್ನದಿಂದ. ಉದಾಹರಣೆಗೆ ನಮಗೆಲ್ಲ ಗೊತ್ತಿರುವ ಒಂದು ಜನ್ಮದಿನ ತೆಗೆದುಕೊಳ್ಳೋಣ: ಸ್ವತಂತ್ರ ಭಾರತ, 1947ರ ಆಗಸ್ಟ್ 15, ದೆಹಲಿ, ಮಧ್ಯರಾತ್ರಿ 12 ಗಂಟೆ. ಪಾಶ್ಚಾತ್ಯ ಲೆಕ್ಕದಲ್ಲಿ ಸೂರ್ಯ ಸಿಂಹದಲ್ಲಿ, ಅಂದರೆ ಭಾರತ "ಲಿಯೋ". ನಮ್ಮ ಪಂಚಾಂಗದಲ್ಲಿ ಚಂದ್ರ ಪುಷ್ಯ ನಕ್ಷತ್ರದಲ್ಲಿ, ಅಂದರೆ ಕರ್ಕಾಟಕ ರಾಶಿ. ಲಗ್ನ ವೃಷಭ. ಒಂದೇ ದೇಶ, ಮೂರು ರಾಶಿ!

ಬಾಂಬೆ ಟೈಮ್ ಎಂಬ ಮರೆತ ಗಡಿಯಾರ

ಆ ರಾತ್ರಿ ದೆಹಲಿಯಲ್ಲಿ 12 ಹೊಡೆದಾಗ "ಬಾಂಬೆ ಟೈಮ್" ಪ್ರಕಾರ ಗಂಟೆ ಎಷ್ಟಾಗಿತ್ತು ಗೊತ್ತೇ? 11 ಗಂಟೆ 21 ನಿಮಿಷ. ಇನ್ನೂ ಆಗಸ್ಟ್ 14! ಸಮಯ ಹೇಳುವುದೇ ಕಸುಬಾಗಿರುವ ನನ್ನಂಥವರಿಗೆ ಇದು ಬಹಳ ಸ್ವಾರಸ್ಯದ ಸಂಗತಿ.

ಭಾರತದ ಸ್ಟ್ಯಾಂಡರ್ಡ್ ಟೈಮ್ ಜಾರಿಗೆ ಬಂದದ್ದು 1906ರ ಜನವರಿ 1ರಂದು. ಅದು 82 ಡಿಗ್ರಿ 30 ನಿಮಿಷದ ಪೂರ್ವ ರೇಖಾಂಶದ ಸಮಯ. ಮುಂಬಯಿ ಇರುವುದು ಸುಮಾರು 72 ಡಿಗ್ರಿ 50 ನಿಮಿಷದಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ಇಲ್ಲಿನ ಸೂರ್ಯ 39 ನಿಮಿಷ ತಡ. ನಮ್ಮ ಹೊತ್ತು ನಮ್ಮ ಸೂರ್ಯನಂತೆ ಇರಲಿ ಎಂದು ಮುಂಬಯಿಯವರು ಹಟ ಹಿಡಿದರು. ಗಿರಣಿ ಕಾರ್ಮಿಕರು ಪ್ರತಿಭಟಿಸಿದರು. ನಗರಸಭೆ ಹಳೆಯ ಸಮಯವನ್ನೇ ಇಟ್ಟುಕೊಂಡಿತು. ಹೀಗೆ 1950ರ ದಶಕದವರೆಗೂ ಈ ಊರಿನಲ್ಲಿ ರೈಲಿಗೊಂದು ಗಡಿಯಾರ, ಮನೆಗೊಂದು ಗಡಿಯಾರ ಎಂಬಂತೆ ಎರಡು ಸಮಯ ನಡೆದವು. ಸಾಲದ್ದಕ್ಕೆ ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ಸರ್ಕಾರ ದೇಶದ ಗಡಿಯಾರವನ್ನೇ ಒಂದು ಗಂಟೆ ಮುಂದಕ್ಕೆ ತಿರುಗಿಸಿತ್ತು.

ಇದಕ್ಕೂ ಜಾತಕಕ್ಕೂ ಏನು ಸಂಬಂಧ ಎನ್ನುತ್ತೀರಾ? ನಿಮ್ಮ ಮನೆಯ ಹಿರಿಯರೊಬ್ಬರು 1940ರ ದಶಕದಲ್ಲಿ ಮಾಟುಂಗದಲ್ಲೇ ಹುಟ್ಟಿದವರು ಎಂದುಕೊಳ್ಳಿ. "ಬೆಳಗ್ಗೆ 8 ಗಂಟೆ" ಎಂದು ಡೈರಿಯಲ್ಲಿ ಬರೆದಿದೆ. ಯಾವ 8 ಗಂಟೆ? ಬಾಂಬೆ ಟೈಮ್ ಆದರೆ ಅದು ಇಂದಿನ 8 ಗಂಟೆ 39 ನಿಮಿಷ. ಯುದ್ಧಕಾಲದ ಸರ್ಕಾರಿ ಸಮಯ ಆದರೆ ಇಂದಿನ 7 ಗಂಟೆ. ಲಗ್ನ ಸುಮಾರು 4 ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. 39 ನಿಮಿಷ ಎಂದರೆ 10 ಡಿಗ್ರಿ, ರಾಶಿಯ ಮೂರನೇ ಒಂದು ಪಾಲು. ಇವತ್ತು ಕಂಪ್ಯೂಟರಿಗೆ "8 ಗಂಟೆ, ಮುಂಬಯಿ" ಎಂದಷ್ಟೇ ಕೊಟ್ಟರೆ ಮೂರರಲ್ಲಿ ಒಂದು ಜಾತಕದ ಲಗ್ನವೇ ಬದಲಾಗುವ ಸಂಭವವಿದೆ. ಲಗ್ನ ಬದಲಾದರೆ ಹನ್ನೆರಡು ಮನೆಗಳೂ ಬದಲಾದವು. ಹಳೆಯ ಜಾತಕದಲ್ಲಿ "ಉದಯಾದಿ ಘಟಿ" ಎಂದು ಬರೆದಿದ್ದರೆ ಅದನ್ನು ಜೋಪಾನ ಮಾಡಿ. ಅದು ಸೂರ್ಯೋದಯದಿಂದ ಎಣಿಸಿದ ಸಮಯ, ಒಂದು ಘಟಿಗೆ 24 ನಿಮಿಷ. ಯಾವ ಗಡಿಯಾರದ ಸಮಯ ಎಂಬ ಗೊಂದಲ ಬಂದಾಗ ತಾಳೆ ನೋಡಲು ಅದು ಸಹಾಯಕ್ಕೆ ಬರುತ್ತದೆ.

ರಾಹುಕಾಲದ್ದೂ ಇದೇ ಪಾಡು. ಹಗಲನ್ನು ಎಂಟು ಪಾಲು ಮಾಡಿ ಅದರಲ್ಲಿ ಒಂದನ್ನು ರಾಹುವಿಗೆ ಕೊಟ್ಟಿದ್ದಾರೆ. ಸೋಮವಾರ ಎರಡನೇ ಪಾಲು. ಕ್ಯಾಲೆಂಡರಿನಲ್ಲಿ 7:30ರಿಂದ 9 ಎಂದು ಅಚ್ಚಾಗಿರುವುದು ಸೂರ್ಯ ಸರಿಯಾಗಿ 6ಕ್ಕೆ ಹುಟ್ಟಿ 6ಕ್ಕೆ ಮುಳುಗುತ್ತಾನೆಂಬ ಲೆಕ್ಕದಲ್ಲಿ. ಜನವರಿಯ ಮುಂಬಯಿಯಲ್ಲಿ ಸೂರ್ಯ ಹುಟ್ಟುವುದೇ 7:15ರ ಸುಮಾರಿಗೆ! ಶಾಸ್ತ್ರದಂತೆ ಎಣಿಸಿದರೆ ಆಗ ಸೋಮವಾರದ ರಾಹುಕಾಲ ಸುಮಾರು 8:40ರಿಂದ 10ರವರೆಗೆ. ಕ್ಯಾಲೆಂಡರ್ ನೋಡಿ 9 ಗಂಟೆ ದಾಟಲಿ ಎಂದು ಕಾದು ಹೊರಟವರು ನೇರವಾಗಿ ರಾಹುಕಾಲದೊಳಗೇ ಕಾಲಿಟ್ಟಂತಾಯಿತು.

ಪಂಡಿತರಲ್ಲೂ ಒಮ್ಮತವಿಲ್ಲ

ದೇಶದ ತುಂಬ ಹತ್ತಾರು ಪಂಚಾಂಗಗಳಿದ್ದವು. ಇದನ್ನು ಸರಿಪಡಿಸಲು 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚನೆಯಾಯಿತು. 1955ರಲ್ಲಿ ವರದಿ ಬಂತು, 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಆಕಾಶವಾಣಿಯಲ್ಲಿ ತಾರೀಕಿನ ಜೊತೆಗೆ ಕೇಳಿಬರುವ ಶಕ ಸಂವತ್ಸರದ ದಿನ ಇದರದ್ದೇ. ಸಮಿತಿಯ ಕಾರ್ಯದರ್ಶಿಯಾಗಿದ್ದ ಎನ್.ಸಿ. ಲಾಹಿರಿಯವರ ಹೆಸರಿನ ಅಯನಾಂಶವನ್ನು ಇಂದು ಹೆಚ್ಚಿನವರು ಬಳಸುತ್ತಾರೆ.

ಆದರೆ ನಮ್ಮ ಬೆಂಗಳೂರಿನ ಬಿ.ವಿ. ರಾಮನ್ ಅವರು ಅದನ್ನು ಒಪ್ಪಲಿಲ್ಲ. ಅಜ್ಜ ಬಿ. ಸೂರ್ಯನಾರಾಯಣ ರಾವ್ 1895ರಲ್ಲಿ ಆರಂಭಿಸಿದ್ದ "ಅಸ್ಟ್ರಲಾಜಿಕಲ್ ಮ್ಯಾಗಜೀನ್" ನಿಂತುಹೋದಾಗ 1936ರಲ್ಲಿ ಅದಕ್ಕೆ ಮರುಜೀವ ಕೊಟ್ಟು, 1998ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದ ರಾಮನ್, ತಮ್ಮದೇ ಅಯನಾಂಶ ಬಳಸುತ್ತಿದ್ದರು. ಲಾಹಿರಿಗೂ ರಾಮನ್‌ಗೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ. ರಾಶಿಯ ಅಥವಾ ನಕ್ಷತ್ರದ ಅಂಚಿನಲ್ಲಿ ಹುಟ್ಟಿದವರಿಗೆ ಒಬ್ಬರ ಲೆಕ್ಕದಲ್ಲಿ ಒಂದು ನಕ್ಷತ್ರ, ಇನ್ನೊಬ್ಬರ ಲೆಕ್ಕದಲ್ಲಿ ಇನ್ನೊಂದು!

ಫಲ ಎಷ್ಟು ಫಲಿಸುತ್ತದೆ?

ಇಷ್ಟು ಹೊತ್ತು ಲೆಕ್ಕದ ಮಾತಾಯಿತು. ಲೆಕ್ಕವನ್ನು ಪರೀಕ್ಷಿಸಬಹುದು. ಪಂಚಾಂಗದಲ್ಲಿ ಹೇಳಿದ ಗ್ರಹಣ ಹೇಳಿದ ನಿಮಿಷಕ್ಕೆ ಹಿಡಿಯುತ್ತದೆ. ಹಾಗಾದರೆ ಫಲವನ್ನೂ ಪರೀಕ್ಷಿಸಬಹುದಲ್ಲವೇ?

ಪತ್ರಿಕೆಗಳ ಭವಿಷ್ಯದ ಕಾಲಂ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1930ರಲ್ಲಿ ಇಂಗ್ಲೆಂಡಿನ ರಾಜಕುಮಾರಿ ಮಾರ್ಗರೆಟ್ ಹುಟ್ಟಿದಾಗ "ಸಂಡೇ ಎಕ್ಸ್‌ಪ್ರೆಸ್" ಪತ್ರಿಕೆ ಆರ್.ಎಚ್. ನೇಲರ್ ಎಂಬವರಿಂದ ಆಕೆಯ ಜಾತಕ ಬರೆಸಿತು. ಓದುಗರು ಮುಗಿಬಿದ್ದರು. ಪ್ರತಿಯೊಬ್ಬ ಓದುಗನಿಗೂ ಜಾತಕ ಬರೆಯಲಾಗದು, ಆದ್ದರಿಂದ ಜನರನ್ನು 12 ಗುಂಪು ಮಾಡಿದ ಸುಲಭ ಉಪಾಯ ಬೆಳೆಯಿತು. ಇದಕ್ಕಿನ್ನೂ ನೂರು ವರ್ಷವೂ ಆಗಿಲ್ಲ.

ನಿಜವಾದ ಪರೀಕ್ಷೆ ನಡೆದದ್ದು ನಮ್ಮ ಮಹಾರಾಷ್ಟ್ರದಲ್ಲೇ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು, ಅವರಲ್ಲಿ ನರೇಂದ್ರ ದಾಭೋಲ್ಕರ್ ಅವರೂ ಇದ್ದರು, ಪ್ರತಿಭಾವಂತ ವಿದ್ಯಾರ್ಥಿಗಳ 100 ಜಾತಕ ಮತ್ತು ಬುದ್ಧಿಮಾಂದ್ಯ ಮಕ್ಕಳ 100 ಜಾತಕ ಕೂಡಿಸಿದರು. ಪಾಲ್ಗೊಂಡ ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟು, ಯಾವುದು ಯಾರದ್ದು ಎಂದು ಹೇಳಲು ಕೇಳಿದರು. 51 ಮಂದಿ ಮುಂದೆ ಬಂದರು, 27 ಮಂದಿ ಉತ್ತರ ಕಳಿಸಿದರು. ಸರಾಸರಿ ಸರಿಯುತ್ತರ ಶೇಕಡ 46. ನಾಣ್ಯ ಚಿಮ್ಮಿ ಹೇಳಿದ್ದರೂ ಶೇಕಡ 50ರ ಹತ್ತಿರ ಬರುತ್ತಿತ್ತು. 2009ರಲ್ಲಿ "ಕರೆಂಟ್ ಸೈನ್ಸ್" ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಮದುವೆಯ ಮಾತಿಗೆ ಬಂದಾಗ ಇದು ಬರೀ ಕುತೂಹಲದ ವಿಷಯವಾಗಿ ಉಳಿಯುವುದಿಲ್ಲ. ಕುಜದೋಷವನ್ನೇ ನೋಡಿ. ಲಗ್ನದಿಂದ 2, 4, 7, 8, 12ನೇ ಮನೆಯಲ್ಲಿ ಕುಜನಿದ್ದರೆ ದೋಷ ಎನ್ನುತ್ತಾರೆ. ಹನ್ನೆರಡರಲ್ಲಿ ಐದು ಮನೆ, ಅಂದರೆ ನೂರಕ್ಕೆ ಸುಮಾರು 42 ಮಂದಿಗೆ ದೋಷ. ಚಂದ್ರನಿಂದಲೂ ಶುಕ್ರನಿಂದಲೂ ಎಣಿಸುವವರಿದ್ದಾರೆ. ಮೂರೂ ಸೇರಿದರೆ ಐವರಲ್ಲಿ ಸುಮಾರು ನಾಲ್ವರಿಗೆ ಎಲ್ಲಾದರೂ ಒಂದು ಕಡೆ ದೋಷ ಸಿಕ್ಕೇ ಸಿಗುತ್ತದೆ. ಅದಕ್ಕೇ ಶಾಸ್ತ್ರಕಾರರು ಅಪವಾದಗಳ ಉದ್ದನೆಯ ಪಟ್ಟಿಯನ್ನೂ ಜೊತೆಗಿಟ್ಟಿದ್ದಾರೆ. ಆ ಪಟ್ಟಿ ಓದುವ ವ್ಯವಧಾನ ಇಲ್ಲದವರು "ಹುಡುಗಿಗೆ ದೋಷ" ಎಂಬ ಎರಡೇ ಪದದಲ್ಲಿ ಸಂಬಂಧ ಮುರಿಯುತ್ತಾರೆ. ಹೆರಿಗೆ ಆಸ್ಪತ್ರೆಯ ಗಡಿಬಿಡಿಯಲ್ಲಿ ನರ್ಸಮ್ಮ ಗಡಿಯಾರ ನೋಡಿದ್ದು ಹತ್ತು ನಿಮಿಷ ತಡವಾಗಿದ್ದರೆ, ಲಗ್ನದ ಅಂಚಿನಲ್ಲಿ ಹುಟ್ಟಿದ ಹುಡುಗಿಯ ಕುಜ ಒಂದು ಮನೆಯಿಂದ ಇನ್ನೊಂದಕ್ಕೆ ದಾಟಿರುತ್ತಾನೆ. ಅವಳ ಬಾಳು ಆ ಹತ್ತು ನಿಮಿಷದ ಮೇಲೆ ನಿಲ್ಲಬೇಕೇ? ನೀವೇ ಹೇಳಿ.

ನಂಬುವುದು ಬಿಡುವುದು ಅವರವರ ಮನಸ್ಸಿಗೆ ಬಿಟ್ಟದ್ದು. ನನ್ನ ವಿನಂತಿ ಇಷ್ಟೇ. ಜಾತಕ ಮುಂದೆ ಬಂದಾಗ ಮೊದಲು ಮೂರು ಪ್ರಶ್ನೆ ಕೇಳಿ. ಹುಟ್ಟಿದ ಸಮಯ ಯಾವ ಗಡಿಯಾರದ್ದು? ಲೆಕ್ಕ ಯಾವ ಊರಿನ ಸೂರ್ಯೋದಯದ್ದು? ಅಯನಾಂಶ ಯಾರದ್ದು? ಇಷ್ಟಕ್ಕೆ ಉತ್ತರ ಸಿಗದ ಜಾತಕದಿಂದ ಯಾರ ಮನೆಯ ಬಾಗಿಲನ್ನೂ ಮುಚ್ಚಬೇಡಿ. ಉತ್ತರ ಸಿಕ್ಕರೂ ಅದು ಲೆಕ್ಕ ಸರಿಯಿದೆ ಎಂದಷ್ಟೇ ಹೇಳುತ್ತದೆ. ಫಲದ ಮಾತಿಗೆ ಆಮೇಲೂ ಹುಡುಗ ಹುಡುಗಿಯನ್ನೇ ಕೇಳಬೇಕು.

ಹಾಗೆಂದು ಅಜ್ಜ ಅಜ್ಜಿಯ ಹಳದಿ ಬಣ್ಣಕ್ಕೆ ತಿರುಗಿದ ಜಾತಕವನ್ನು ರದ್ದಿಗೆ ಹಾಕಬೇಡಿ. ಅದರಲ್ಲಿ ಸಂವತ್ಸರ, ಮಾಸ, ತಿಥಿ, ಗೋತ್ರ, ಊರು, ಜೊತೆಗೆ ಅವರ ತಂದೆ ತಾಯಿಯ ಹೆಸರು ಇರಬಹುದು. ಜನನ ಪ್ರಮಾಣಪತ್ರ ಇಲ್ಲದ ಎಷ್ಟೋ ಹಿರಿಯರ ಹುಟ್ಟಿನ ಒಂದೇ ದಾಖಲೆ ಅದು. ಮುಂಬಯಿಗೆ ಬಂದ ಕನ್ನಡ ಕುಟುಂಬವೊಂದರ ಚರಿತ್ರೆಯ ಮೊದಲ ಪುಟ ನಿಮ್ಮ ಬೀರುವಿನಲ್ಲೇ ಇರಬಹುದು. ಮನೆಯ ಹಿರಿಯರು ಇನ್ನೂ ನೆನಪು ಹೇಳುವಂತಿರುವಾಗಲೇ ಅದನ್ನು ಬಿಚ್ಚಿ, ಅವರ ಪಕ್ಕ ಕೂತು ಓದಿಸಿಕೊಳ್ಳಿ.